ಕಪ್ಪು ರಿಮ್ ಇನ್ನೂ ಚೆಂದಾನಾ? ಸಿಲ್ವರ್, ಗನ್‌ಮೆಟಲ್, ಡೈಮಂಡ್ ಕಟ್ ಪಕ್ಕ ಇಟ್ಟು ನೋಡಿದ್ರೆ

ನೇರವಾಗಿ ಹೇಳ್ಬಿಡ್ತೀನಿ, ಕಪ್ಪು ರಿಮ್ ಇನ್ನೂ ಚೆನ್ನಾಗೇ ಕಾಣುತ್ತೆ, ಆದ್ರೆ ಹಾಕಿದ ತಕ್ಷಣ ಕಾರು ಸ್ಪೆಷಲ್ ಆಗೋ ಕಾಲ ಹೋಯ್ತು. ಹತ್ತು ಹದಿನೈದು ವರ್ಷದ ಹಿಂದೆ ಕಪ್ಪು ರಿಮ್ ಇರೋ ಕಾರು ಪಕ್ಕದಲ್ಲಿ ಹೋದ್ರೆ ಕತ್ತು ತಿರುಗಿಸಿ ನೋಡ್ತಿದ್ವಿ, ಈಗ ಯಾವ ಪಾರ್ಕಿಂಗಿಗೆ ಹೋಗಿ ನಿಂತ್ರೂ ಎಣಿಸೋಕೆ ಬೆರಳು ಸಾಲಲ್ಲ. ಕಂಪನಿಗಳೇ ಶುರು ಹಚ್ಕೊಂಡಿವೆ, ಆಡಿಯ ಬ್ಲ್ಯಾಕ್ ಆಪ್ಟಿಕ್, ಮರ್ಸಿಡಿಸ್‌ನ ನೈಟ್ ಪ್ಯಾಕೇಜ್, ಟೊಯೋಟಾದ ನೈಟ್‌ಶೇಡ್, ನಿಸಾನಿನ ಮಿಡ್‌ನೈಟ್ ಎಡಿಷನ್, ಟಾಟಾದ ಡಾರ್ಕ್ ಎಡಿಷನ್, ಹೆಸರು ಬೇರೆ ಬೇರೆ ಆದ್ರೂ ಕೆಲಸ ಒಂದೇ, ಕ್ರೋಮ್ ಕಿತ್ತು ಕಪ್ಪು ಬಳಿಯೋದು. ಎಲ್ಲರೂ ಹಾಕ್ಕೊಂಡ ಮೇಲೆ ಅದರಲ್ಲಿ ಹೊಸತನ ಎಲ್ಲಿರುತ್ತೆ ಹೇಳಿ.

ಹಂಗಂತ ಬಿಟ್ಬಿಡಿ ಅಂತ ಹೇಳೋಕೆ ಇದನ್ನ ಬರೀತಿಲ್ಲ. ನಾನೇ ಮೂರು ವರ್ಷ ಕಪ್ಪು ರಿಮ್ ಓಡಿಸಿದೀನಿ, ಬಿಳಿ ಹ್ಯಾಚ್‌ಬ್ಯಾಕು, 16 ಇಂಚಿನ ಸಿಲ್ವರ್ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ ರಿಮ್) ಬಂದಿತ್ತು, ಅದನ್ನ ಬಿಚ್ಚಿಸಿ ಗ್ಲಾಸ್ ಬ್ಲ್ಯಾಕ್, ಅಂದ್ರೆ ಫಳಫಳ ಹೊಳೆಯೋ ಕಪ್ಪು, ಪೌಡರ್ ಕೋಟ್ ಹೊಡೆಸಿದ್ದೆ. ಮನೆಗೆ ತಂದು ಗೇಟ್ ಹತ್ರ ನಿಲ್ಲಿಸಿ ಭಾವನ್ನ ಕರೆದು ತೋರಿಸಿದ್ರೆ ಅವರು ಸೊಂಟದ ಮೇಲೆ ಕೈಯಿಟ್ಕೊಂಡು ಒಂದು ನಿಮಿಷ ನೋಡಿ "ಅಲ್ಲಯ್ಯಾ, ಟಯರ್ ಕಾಣ್ತಿದೆ, ರಿಮ್ ಎಲ್ಲಿ?" ಅಂದ್ರು. ಆವಾಗ ಮೈಯೆಲ್ಲಾ ಉರಿದು ಹೋಗಿತ್ತು. ಆದ್ರೆ ಆ ಮನುಷ್ಯ ಒಂದೇ ಮಾತಲ್ಲಿ ಕಪ್ಪು ರಿಮ್ಮಿನ ಇಡೀ ಸಮಸ್ಯೆ ಹೇಳಿ ಮುಗಿಸಿದ್ರು ಅಂತ ನನಗೆ ಅರ್ಥ ಆಗೋಕೆ ಒಂದು ವರ್ಷ ಬೇಕಾಯ್ತು.

ಕಣ್ಣಿಗೆ ಏನಾಗುತ್ತೆ

ಟಯರ್ ಕಪ್ಪು. ಟಯರ್ ಮೇಲಿರೋ ವೀಲ್ ಆರ್ಚ್ ಒಳಗಡೆ ಕತ್ತಲೆ, ಅದೂ ಕಪ್ಪು. ಇದರ ಮಧ್ಯೆ ರಿಮ್ಮೂ ಕಪ್ಪಾದ್ರೆ ಹತ್ತು ಹೆಜ್ಜೆ ದೂರದಿಂದ ಮೂರೂ ಸೇರಿ ಒಂದೇ ದೊಡ್ಡ ತೂತು. ಸಿಲ್ವರ್ ರಿಮ್ ಆದ್ರೆ ಬೆಳ್ಳಗಿನ ಭಾಗ ಎಲ್ಲಿಗೆ ಮುಗಿಯುತ್ತೆ, ಟಯರ್ ಎಲ್ಲಿಂದ ಶುರು ಅಂತ ಗೆರೆ ಎಳೆದಂಗೆ ಕಾಣುತ್ತೆ, ಅದಕ್ಕೇ ಅದೇ ಸೈಜಿನ ರಿಮ್ ಸಿಲ್ವರಲ್ಲಿ ದೊಡ್ಡದಾಗೂ ಕಪ್ಪಲ್ಲಿ ಚಿಕ್ಕದಾಗೂ ಕಾಣೋದು. 17 ಇಂಚಿಗೆ ಅಪ್‌ಸೈಜ್ ಮಾಡಿ ಅದಕ್ಕೆ ಮ್ಯಾಟ್ ಬ್ಲ್ಯಾಕ್ (ಹೊಳಪೇ ಇಲ್ಲದ ಕಪ್ಪು) ಹೊಡೆಸೋರನ್ನ ನೋಡಿದ್ರೆ ನನಗೆ ಪಾಪ ಅನ್ಸುತ್ತೆ, ಒಂದು ಕೈಯಲ್ಲಿ ಕೊಟ್ಟಿದ್ದನ್ನ ಇನ್ನೊಂದು ಕೈಯಲ್ಲಿ ಕಿತ್ಕೊಂಡಂಗೆ.

ಡಿಸೈನ್ ಮೇಲೂ ತುಂಬಾ ಇದೆ. ಸಣ್ಣ ಸಣ್ಣ ಸ್ಪೋಕು ಹತ್ತು ಹದಿನೈದು ಇರೋ ರಿಮ್ಮು, ಜಾಲರಿ ಥರ ಮೆಶ್ ರಿಮ್ಮು, ಇವೆಲ್ಲ ಕಪ್ಪಲ್ಲಿ ಕಳೆದೇ ಹೋಗ್ತವೆ, ಒಬ್ಬ ಡಿಸೈನರ್ ಕೂತು ತಿಂಗಳುಗಟ್ಟಲೆ ಗೀಚಿದ್ದು ಯಾರ ಕಣ್ಣಿಗೂ ಬೀಳಲ್ಲ. ದಪ್ಪ ದಪ್ಪ ಐದು ಸ್ಪೋಕಿನ ರಿಮ್ ಆದ್ರೆ ಕಪ್ಪಲ್ಲೂ ನಿಲ್ಲುತ್ತೆ, ಅದರಲ್ಲೂ ಗ್ಲಾಸ್ ಆಗಿದ್ರೆ ಪ್ರತಿ ಸ್ಪೋಕಿನ ಅಂಚಿನ ಮೇಲೂ ಬೆಳಕು ಬಿದ್ದು ಒಂದು ಗೆರೆ ಮಿಂಚುತ್ತೆ, ಆ ಗೆರೆನೇ ಶೇಪ್ ತೋರಿಸೋದು. ಮ್ಯಾಟಲ್ಲಿ ಆ ಗೆರೆನೂ ಇರಲ್ಲ. ಸ್ಪೋಕಿನ ಮಧ್ಯೆ ಗ್ಯಾಪ್ ಎಷ್ಟಿದೆ ಅಂತಾನೂ ನೋಡ್ಕೊಳ್ಳಿ, ಗ್ಯಾಪ್ ದೊಡ್ಡದಿದ್ರೆ ಹಿಂದಿರೋ ಬ್ರೇಕ್ ಡಿಸ್ಕು ಬೆಳ್ಳಗೆ ಕಾಣುತ್ತೆ, ಕಪ್ಪು ಸ್ಪೋಕಿಗೆ ಅದೇ ಹಿನ್ನೆಲೆ ಆಗಿ ಡಿಸೈನ್ ಎದ್ದು ಬರುತ್ತೆ. ಕೆಂಪು ಅಥವಾ ಹಳದಿ ಕ್ಯಾಲಿಪರ್ (ಡಿಸ್ಕನ್ನ ಹಿಡಿಯೋ ಬ್ರೇಕಿನ ಭಾಗ) ಇದ್ರೆ ಅಂತೂ ಕಪ್ಪಿನಷ್ಟು ಚೆನ್ನಾಗಿ ಅದನ್ನ ತೋರಿಸೋ ಬಣ್ಣ ಇನ್ನೊಂದಿಲ್ಲ, ಕಪ್ಪಿಗೆ ನಾನು ಕಣ್ಣು ಮುಚ್ಕೊಂಡು ಓಕೆ ಅನ್ನೋ ಸಂದರ್ಭಗಳಲ್ಲಿ ಅದೂ ಒಂದು. ಹಿಂದೆ ಡ್ರಮ್ ಬ್ರೇಕ್ ಇರೋ ಕಾರಾದ್ರೆ ತುಕ್ಕು ಹಿಡಿದ ಡ್ರಮ್ಮು ಸ್ಪೋಕ್ ಸಂದಿಯಿಂದ ಇಣುಕ್ತಾ ಇರುತ್ತೆ, ರಿಮ್ ಬಿಚ್ಚಿದಾಗಲೇ ಡ್ರಮ್ಮಿನ ಹೊರಮೈಗೆ ಹೀಟ್ ತಡ್ಕೊಳ್ಳೋ ಕಪ್ಪು ಪೇಂಟ್ ಹೊಡೆಸ್ಬಿಡಿ, ಅರ್ಧ ಗಂಟೆ ಕೆಲಸ, ರಿಮ್ ಬಣ್ಣ ಬದಲಾಯಿಸಿದ್ದಕ್ಕಿಂತ ಜಾಸ್ತಿ ಲುಕ್ ಬರುತ್ತೆ ಕೆಲವು ಸಲ.

ಫ್ಯಾಷನ್ ಹಳಸೋದು ಹೇಗೆ

ಒಂದು ತಮಾಷೆ ನೋಡಿ. ಕಪ್ಪು ರಿಮ್ ಅಂದ್ರೆ ಒಂದು ಕಾಲಕ್ಕೆ ಬಡಪಾಯಿ ಕಾರು. ಬೇಸ್ ವೇರಿಯಂಟಿಗೆ ಕಪ್ಪು ಸ್ಟೀಲ್ ರಿಮ್ ಕೊಡೋರು, ಅದನ್ನ ಮುಚ್ಚೋಕೆ ಜನ ಪ್ಲಾಸ್ಟಿಕ್ ವೀಲ್ ಕ್ಯಾಪ್ ತಂದು ಹಾಕೋರು, ಬೆಳ್ಳಗೆ ಹೊಳೆಯೋ ಅಲಾಯ್ ಇದ್ರೆ ಅದು ಟಾಪ್ ಎಂಡ್ ಅಂತ ಅರ್ಥ. ಅಲಾಯ್‌ಗೆ ಆ ಮರ್ಯಾದೆ ರೇಸಿನಿಂದ ಬಂದಿದ್ದು, 1924ರಲ್ಲಿ ಬುಗಾಟಿ ಟೈಪ್ 35 ಎರಕ ಹೊಯ್ದ ಅಲ್ಯೂಮಿನಿಯಂ ವೀಲ್ ಹಾಕ್ಕೊಂಡು ಬಂದಿತ್ತು. ಈಗ ತಿರುಗಾ ಮುರುಗಾ ಆಗಿದೆ, ಅದೇ ಕಪ್ಪಿಗೆ ಎಕ್ಸ್‌ಟ್ರಾ ದುಡ್ಡು ಕೊಟ್ಟು ಪ್ಯಾಕೇಜ್ ತಗೊಳ್ತೀವಿ.

ಕಪ್ಪಿಗಿಂತ ಮುಂಚೆ 2000ದ ದಶಕದಲ್ಲಿ ಕ್ರೋಮ್ ಹುಚ್ಚಿತ್ತು, ಕಾರು ನಿಂತ ಮೇಲೂ ತಿರುಗ್ತಾನೇ ಇರೋ ಸ್ಪಿನ್ನರ್ ರಿಮ್ ಎಲ್ಲ ಬಂದಿತ್ತು, ಈಗ ಅದನ್ನ ನೋಡಿದ್ರೆ ನಗು ಬರುತ್ತೆ. ಅದೇ ಸುಬಾರು ಇಂಪ್ರೆಜಾ ನೋಡಿ, ನೀಲಿ ಬಾಡಿಗೆ ಚಿನ್ನದ ಬಣ್ಣದ ರಿಮ್, 1995ರಲ್ಲಿ ಕಾಲಿನ್ ಮೆಕ್‌ರೇ ವರ್ಲ್ಡ್ ರ‍್ಯಾಲಿ ಗೆದ್ದಿದ್ದು ಆ ಕಾರಲ್ಲೇ, ಇಷ್ಟು ವರ್ಷ ಆದ್ರೂ ಆ ಜೋಡಿ ಹಳೇದು ಅನ್ಸಲ್ಲ. ಯಾಕೆ ಅಂದ್ರೆ ಆ ಬಣ್ಣ ಆ ಕಾರಿನದ್ದೇ, ಬೇರೆ ಕಾರಿಂದ ಕಡ ತಂದಿದ್ದಲ್ಲ. ಕ್ರೋಮ್ ಹಳಸಿದ್ದು ಅದು ಕೆಟ್ಟ ಬಣ್ಣ ಅಂತ ಅಲ್ಲ, ಸಿಕ್ಕ ಸಿಕ್ಕ ಕಾರಿಗೆಲ್ಲ ಒಂದೇ ಥರ ಮೆತ್ತಿದ್ರಲ್ಲ ಅದಕ್ಕೆ. ಕಪ್ಪು ಈಗ ಅದೇ ದಾರೀಲಿದೆ ಅಂತ ನನ್ನ ಅಂದಾಜು. ಹಂಗಾಗಿ "ಕಪ್ಪು ರಿಮ್ ಇನ್ನೂ ಟ್ರೆಂಡಲ್ಲಿದೆಯಾ" ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿಸಿ ಕೇಳೋದು ಒಂದೇ, ನಿಮ್ಮ ಕಾರಲ್ಲಿ ರಿಮ್ ಬಿಟ್ಟು ಬೇರೆ ಏನೇನು ಕಪ್ಪಿದೆ? ಗ್ರಿಲ್, ಮಿರರ್, ರೂಫ್, ಕಿಟಕಿ ಅಂಚು, ಇದರಲ್ಲಿ ಎರಡಾದ್ರೂ ಕಪ್ಪಿದ್ರೆ ರಿಮ್ಮಿಗೆ ಜೊತೆ ಸಿಕ್ಕಂಗೆ. ಮೇಲೆಲ್ಲ ಕ್ರೋಮ್ ಪಟ್ಟಿ ಫಳಫಳ ಹೊಳೀತಾ ಕೆಳಗೆ ಮಾತ್ರ ಕಪ್ಪು ರಿಮ್ ಇದ್ರೆ ಬೇರೆ ಯಾರದ್ದೋ ಕಾರಿನ ವೀಲ್ ತಂದು ಸಿಗಿಸಿದಂಗಿರುತ್ತೆ.

ಯಾವ ಬಣ್ಣದ ಕಾರಿಗೆ ಯಾವುದು

ಬಿಳಿ ಕಾರಿಗೆ ಕಪ್ಪು ಅಂದ್ರೆ ಎಲ್ಲರೂ ಸೂಪರ್ ಅಂತಾರೆ, ನಾನೂ ಅಂದಿದ್ದೆ. ಕಾಂಟ್ರಾಸ್ಟ್ ಜೋರಾಗಿರುತ್ತೆ ನಿಜ, ಆದ್ರೆ ರೂಫೋ ಮಿರರೋ ಕಪ್ಪಿಲ್ಲದೆ ಬರೀ ರಿಮ್ ಮಾತ್ರ ಕಪ್ಪಾದ್ರೆ ಬಿಳಿ ಪ್ಯಾಂಟಿಗೆ ಗಮ್‌ಬೂಟ್ ಹಾಕ್ಕೊಂಡಂಗೆ, ಕಾರಿನ ಭಾರ ಎಲ್ಲ ಕಾಲಿಗೆ ಇಳಿದಂಗೆ ಕಾಣುತ್ತೆ. ನನ್ನ ಕಾರಲ್ಲಿ ಆಗಿದ್ದೂ ಅದೇ, ಆರು ತಿಂಗಳಾದ ಮೇಲೆ ಮಿರರ್ ಕವರ್ರಿಗೆ ಕಪ್ಪು ರ‍್ಯಾಪ್ ಹಾಕ್ಸಿದೆ, ಆಮೇಲೇ ಒಂದು ಹದಕ್ಕೆ ಬಂದಿದ್ದು. ಬಿಳಿಗೆ ಗನ್‌ಮೆಟಲ್, ಅಂದ್ರೆ ಕಡು ಬೂದು, ಹಾಕಿದ್ರೆ ಈ ತಾಪತ್ರಯನೇ ಇರಲ್ಲ.

ಕೆಂಪು, ಕಿತ್ತಳೆ, ಗಾಢ ಹಳದಿ, ಇಂಥ ಕಾರುಗಳಿಗೆ ಕಪ್ಪೇ ರಾಜ, ಅದರ ಬಗ್ಗೆ ಜಾಸ್ತಿ ಯೋಚನೆ ಮಾಡ್ಬೇಡಿ.

ಕಪ್ಪು ಕಾರಿಗೆ ಕಪ್ಪು ರಿಮ್, ಇದು ಜಗಳದ ವಿಷಯ. ತೊಳೆದು ಒರೆಸಿದ ಮೊದಲ ಒಂದು ಗಂಟೆ ನೋಡಿದ್ರೆ ಇದಕ್ಕಿಂತ ಚೆಂದ ಇನ್ನೊಂದಿಲ್ಲ ಅನ್ಸುತ್ತೆ, ರಸ್ತೆಗೆ ಇಳಿದು ಧೂಳು ಕೂತ ಮೇಲೆ ಬಾಡಿ ಒಂಥರ ಬೂದು, ರಿಮ್ ಇನ್ನೊಂಥರ ಬೂದು, ಟಯರ್ ಮಾಸಲು ಕಂದು, ಮೂರೂ ಬೇರೆ ಬೇರೆ ಕಪ್ಪು ಅಂತ ಗೊತ್ತಾಗಿ ಬೇಜಾರಾಗುತ್ತೆ. ವಾರಕ್ಕೊಂದ್ಸಲ ತೊಳೆಯೋ ಹಠ ಇರೋರು ಹಾಕ್ಕೊಳ್ಳಿ, ನನ್ನಂಥ ಸೋಮಾರಿಗಳು ಡೈಮಂಡ್ ಕಟ್ (ಮುಂಭಾಗ ಕೆತ್ತಿ ಲೋಹ ಹೊಳೆಸಿರೋ ರಿಮ್) ಕಡೆ ಹೋಗಿ, ಕಪ್ಪು ಕಾರಲ್ಲಿ ಅಷ್ಟಾದ್ರೂ ಬೆಳಕಿರಲಿ.

ಸಿಲ್ವರ್, ಗ್ರೇ ಕಾರಿಗೆ ಗನ್‌ಮೆಟಲ್ ಹೇಳಿ ಮಾಡಿಸಿದಂಗೆ. ಕಡು ನೀಲಿಗೆ ಪೂರ್ತಿ ಕಪ್ಪು ಹಾಕಿದ್ರೆ ಸ್ವಲ್ಪ ಮಂಕು ಹೊಡೆಯುತ್ತೆ, ಬ್ರಾಂಜ್ ಹಾಕಿದ್ರೆ ಜೀವ ಬರುತ್ತೆ. ಕಂದು, ಬೀಜ್ ಥರ ಬೆಚ್ಚಗಿನ ಬಣ್ಣಗಳಿಗೆ ಸಿಲ್ವರೇ ಇರಲಿ ಬಿಡಿ. ಎಸ್‌ಯುವಿಗಳಲ್ಲಿ ಆರ್ಚ್ ಸುತ್ತ ಕಪ್ಪು ಪ್ಲಾಸ್ಟಿಕ್ ಕ್ಲ್ಯಾಡಿಂಗ್ ಇರುತ್ತಲ್ಲ, ಅಲ್ಲಿ ಕಪ್ಪು ರಿಮ್ ಸೇರ್ಕೊಳ್ಳುತ್ತೆ ಅನ್ನೋದು ನಿಜ, ಆದ್ರೆ ಕ್ಲ್ಯಾಡಿಂಗ್, ದಪ್ಪ ಟಯರ್, ರಿಮ್ ಎಲ್ಲ ಸೇರಿ ಬಾಗಿಲಿನ ಅರ್ಧದವರೆಗೂ ಕಪ್ಪೇ ಕಪ್ಪಾಗಿ ಗಾಡಿ ಕೆಸರಲ್ಲಿ ಹೂತಂಗೆ ಕಾಣ್ಬೋದು, ಒಂದ್ಸಲ ಪಕ್ಕದಿಂದ ಫೋಟೋ ತೆಗೆದು ನೋಡಿ. ಕ್ರೋಮ್ ಬಂಪರ್ ಇರೋ ಹಳೇ ಕಾಲದ ಕಾರಿಗೆ ಮಾತ್ರ ದಯವಿಟ್ಟು ಬೇಡ.

ಗ್ಲಾಸ್, ಸ್ಯಾಟಿನ್, ಮ್ಯಾಟ್: ತೊಳೆಯೋನ ಕಷ್ಟ

ಕಪ್ಪು ರಿಮ್ ಕೊಳೆ ಮುಚ್ಚುತ್ತೆ ಅಂತ ಯಾರು ಹೇಳಿದ್ರೋ ಗೊತ್ತಿಲ್ಲ, ಅವರು ಯಾವತ್ತೂ ರಿಮ್ ತೊಳೆದಿಲ್ಲ ಅಂತ ಮಾತ್ರ ಗೊತ್ತು. ಬ್ರೇಕ್ ಹಾಕಿದಾಗೆಲ್ಲ ಪ್ಯಾಡೂ ಡಿಸ್ಕೂ ಸವೆದು ಸಣ್ಣ ಪುಡಿ ಹಾರುತ್ತೆ, ಡಿಸ್ಕು ಎರಕದ ಕಬ್ಬಿಣ ಆದ್ದರಿಂದ ಆ ಪುಡೀಲಿ ಕಬ್ಬಿಣದ ಕಣ ತುಂಬಾ ಇರುತ್ತೆ, ಬಿಸಿಬಿಸಿಯಾಗಿ ಹೋಗಿ ರಿಮ್ ಮೇಲೆ ಅಂಟ್ಕೊಂಡು ಆಮೇಲೆ ನೀರು ತಾಗಿದ್ರೆ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗುತ್ತೆ. ಸಿಲ್ವರ್ ಮೇಲೆ ಇದು ಮಬ್ಬು ಬೂದಿ ಥರ ಕಾಣುತ್ತೆ, ಗ್ಲಾಸ್ ಬ್ಲ್ಯಾಕ್ ಮೇಲೆ ಬೆರಳಲ್ಲಿ ಹೆಸರು ಬರೀಬೋದು. ನಾನು ಭಾನುವಾರ ಬೆಳಿಗ್ಗೆ ಬಕೆಟ್ ಇಟ್ಕೊಂಡು ಕೂತ್ರೆ ಮುಂದಿನ ಎರಡು ವೀಲಿಗೇ ಮುಕ್ಕಾಲು ಗಂಟೆ ಹೋಗ್ತಿತ್ತು, ಮುಂದಿನ ಬ್ರೇಕಿಗೆ ಕೆಲಸ ಜಾಸ್ತಿ ಆದ್ದರಿಂದ ಪುಡಿನೂ ಅಲ್ಲೇ ಜಾಸ್ತಿ. ಐರನ್ ರಿಮೂವರ್ ಅಂತ ಸ್ಪ್ರೇ ಸಿಗುತ್ತೆ, ಹೊಡೆದು ಎರಡು ಮೂರು ನಿಮಿಷ ಬಿಟ್ರೆ ಕಬ್ಬಿಣದ ಕಣ ಇರೋ ಕಡೆಯೆಲ್ಲ ನೇರಳೆ ಬಣ್ಣ ಆಗಿ ಕಣ್ಣೀರು ಹಾಕಿದಂಗೆ ಸ್ಪೋಕಿನಿಂದ ಇಳಿಯುತ್ತೆ, ಮೊದಲ ಸಲ ನೋಡಿದಾಗ ಪೇಂಟೇ ಕರಗಿ ಹೋಯ್ತೇನೋ ಅಂತ ಗಾಬರಿ ಬಿದ್ದು ಪೈಪ್ ಹುಡುಕೋಕೆ ಓಡಿದ್ದೆ. ಅದು ಒಣಗೋಕೆ ಬಿಡ್ಬಾರ್ದು, ಬಿಸಿ ರಿಮ್ ಮೇಲೆ ಹೊಡೀಬಾರ್ದು, ವಾಸನೆ ಮಾತ್ರ ಕೊಳೆತ ಮೊಟ್ಟೆ ಥರ. ಆಸಿಡ್ ಇರೋ ಕ್ಲೀನರ್ ಹತ್ರಾನೂ ಸುಳೀಬೇಡಿ.

ಗ್ಲಾಸಿನ ಇನ್ನೊಂದು ರಗಳೆ ಅಂದ್ರೆ ಕೂದಲೆಳೆ ಗೀರು, ಒರಟು ಬ್ರಷ್ ಹಾಕಿ ನಾಲ್ಕು ಸಲ ಉಜ್ಜಿದ್ರೆ ಬಿಸಿಲಲ್ಲಿ ಜೇಡರ ಬಲೆ ಥರ ಕಾಣುತ್ತೆ. ಒಳ್ಳೇದು ಏನಪ್ಪಾ ಅಂದ್ರೆ ಪಾಲಿಶ್ ಮಾಡ್ಬೋದು, ವ್ಯಾಕ್ಸೋ ಸಿರಾಮಿಕ್ ಕೋಟೋ ಹಾಕಿದ್ರೆ ಪುಡಿ ಅಷ್ಟು ಗಟ್ಟಿಯಾಗಿ ಅಂಟಲ್ಲ. ಮ್ಯಾಟಿಗೆ ಈ ಭಾಗ್ಯ ಇಲ್ಲ, ಪಾಲಿಶ್ ಮಾಡಿದ್ರೆ ಆ ಜಾಗ ಮಾತ್ರ ಹೊಳೆದು ತೇಪೆ ಹಾಕಿದಂಗೆ ಆಗುತ್ತೆ, ಕೈ ಎಣ್ಣೆ ಟಯರ್ ಪಾಲಿಶ್ ಎಣ್ಣೆ ಏನು ತಾಗಿದ್ರೂ ಕಲೆ ನಿಲ್ಲುತ್ತೆ. ಫೋಟೋದಲ್ಲಿ ಮ್ಯಾಟ್ ನೋಡಿ ಮರುಳಾಗ್ಬೇಡಿ, ಆ ಫೋಟೋ ತೆಗೆಯೋ ಮುಂಚೆ ಯಾರೋ ಒಂದು ಗಂಟೆ ಒರೆಸಿರ್ತಾರೆ. ಕಪ್ಪೇ ಬೇಕು ಅಂದ್ರೆ ನನ್ನ ವೋಟು ಸ್ಯಾಟಿನ್‌ಗೆ, ಎರಡರ ಮಧ್ಯೆ ಇರುತ್ತೆ, ಸ್ಪೋಕಿನ ಅಂಚೂ ಕಾಣುತ್ತೆ, ಬೆರಳಚ್ಚೂ ಅಷ್ಟು ಕಾಣಲ್ಲ. ಎಲೆಕ್ಟ್ರಿಕ್ ಕಾರು ಓಡಿಸೋರಿಗೆ ಇಲ್ಲೊಂದು ಅನುಕೂಲ ಇದೆ, ಅರ್ಧಕ್ಕರ್ಧ ಬ್ರೇಕ್ ಕೆಲಸ ಮೋಟರೇ ಮಾಡೋದ್ರಿಂದ ಪುಡಿ ಕಮ್ಮಿ, ಕಪ್ಪು ರಿಮ್ ಜಾಸ್ತಿ ದಿನ ಕ್ಲೀನಾಗಿರುತ್ತೆ.

ಇನ್ನು ಫುಟ್‌ಪಾತ್ ಅಂಚಿಗೆ ಉಜ್ಜೋದು. ಅಲಾಯ್ ಒಳಗಡೆ ಬೆಳ್ಳಗಿರೋ ಲೋಹ, ಸಿಲ್ವರ್ ರಿಮ್ಮಿಗೆ ಗೀರಾದ್ರೆ ಗೀರೂ ಸಿಲ್ವರೇ, ನಾಲ್ಕಡಿ ದೂರ ನಿಂತ್ರೆ ಕಾಣಲ್ಲ. ಕಪ್ಪಿಗೆ ಗೀರಾದ್ರೆ ಇಡೀ ರಿಮ್ಮಲ್ಲಿ ಅದೊಂದೇ ಕಾಣೋದು. ನನ್ನದಕ್ಕೆ ಬೇಸ್‌ಮೆಂಟ್ ರ‍್ಯಾಂಪಿನ ತಿರುವಲ್ಲಿ ಎಡಗಡೆ ಮುಂದಿನ ರಿಮ್ಮಿನ ಅಂಚಿಗೆ ಒಂದು ಉಗುರುದ್ದ ಗೀರು ಬಿತ್ತು, ಬಿದಿಗೆ ಚಂದ್ರನ ಥರ, ಆಮೇಲಿನ ಎರಡು ವರ್ಷ ಕಾರು ಹತ್ತೋ ಮುಂಚೆ ನನ್ನ ಕಣ್ಣು ಮೊದಲು ಹೋಗ್ತಿದ್ದಿದ್ದು ಅಲ್ಲಿಗೇ. ಟಚಪ್ ಪೇಂಟ್ ಹಚ್ಚಿದೆ, ಶೇಡ್ ಬೇರೆ ಆಗಿ ಇನ್ನೂ ಎದ್ದು ಕಾಣ್ತು.

ಹಂಗಾದ್ರೆ ಬೇರೆ ಏನಿದೆ

ಸಿಲ್ವರ್ ಬೋರಿಂಗ್ ಅಂತ ಎಲ್ಲರೂ ಬೈತಾರೆ, ಆದ್ರೆ ಕಂಪನಿಯವರು ಅಷ್ಟು ವರ್ಷದಿಂದ ಸುಮ್ನೆ ಕೊಟ್ಟಿಲ್ಲ. ಕೊಳೆ, ಗೀರು ಎರಡನ್ನೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ, ರಿಮ್ ದೊಡ್ಡದಾಗಿ ಕಾಣುತ್ತೆ, ರಿಪೇರಿ ಮಾಡಿಸಿದ್ರೆ ಶೇಡ್ ಹೊಂದಿಸೋದೂ ಸುಲಭ. ಹತ್ತು ವರ್ಷ ಕಾರು ಇಟ್ಕೊಳ್ಳೋ ಪ್ಲಾನ್ ಇದ್ರೆ ಸಿಲ್ವರ್ ತೆಗೆಸಿ ಕಪ್ಪು ಮಾಡೋ ಮುಂಚೆ ಎರಡು ಸಲ ಯೋಚಿಸಿ.

ಡೈಮಂಡ್ ಕಟ್ ಅಂದ್ರೆ ರಿಮ್ಮಿಗೆ ಕಪ್ಪೋ ಗ್ರೇನೋ ಪೇಂಟ್ ಹೊಡೆದು, ಲೇತಿಗೆ ಹಾಕಿ ಮುಂಭಾಗದ ಒಂದು ತೆಳು ಪದರ ಕೆತ್ತಿ ಬರೀ ಲೋಹ ತೋರಿಸಿ, ಮೇಲೆ ಟ್ರಾನ್ಸ್‌ಪರೆಂಟ್ ಲ್ಯಾಕರ್ ಹೊಡೆಯೋದು. ಬಿಸಿಲಿಗೆ ಹಿಡಿದು ಹತ್ತಿರದಿಂದ ನೋಡಿ, ಹಳೇ ಗ್ರಾಮಫೋನ್ ಪ್ಲೇಟಿನ ಥರ ಸಣ್ಣ ಸಣ್ಣ ಗೆರೆ ಕಾಣುತ್ತೆ, ಅದು ಲೇತಿನ ಗುರುತು. ಕಪ್ಪಿನ ಗಾಂಭೀರ್ಯನೂ ಸಿಲ್ವರಿನ ಹೊಳಪೂ ಒಟ್ಟಿಗೆ ಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೇದಿಲ್ಲ, ಆದ್ರೆ ತುಂಬಾ ನಾಜೂಕು. ಒಂದು ಕಲ್ಲು ಬಡಿದು ಲ್ಯಾಕರ್ ಒಡೆದ್ರೆ ಅಲ್ಲಿಂದ ನೀರು ಒಳಗೆ ಹೋಗಿ ಲ್ಯಾಕರ್ ಕೆಳಗೇ ಬಿಳೀ ಹುಳ ಹರಿದಂಗೆ ಗೆರೆ ಗೆರೆ ಬರುತ್ತೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕೋ ದೇಶಗಳಲ್ಲಿ, ಸಮುದ್ರದ ಪಕ್ಕ ಇರೋರಿಗೆ ಇದು ಬೇಗ. ಮತ್ತೆ ಲೇತಿಗೆ ಹಾಕಿ ಕೆತ್ತಿಸ್ಬೋದು, ಪ್ರತಿ ಸಲ ಲೋಹ ತೆಗೆಯೋದ್ರಿಂದ ಅದು ಒಂದೆರಡು ಸಲಕ್ಕಿಂತ ಜಾಸ್ತಿ ಆಗಲ್ಲ. ಆಮೇಲೆ ಅದೇ ರಿಮ್ಮನ್ನ ಜನ ಪೂರ್ತಿ ಕಪ್ಪು ಮಾಡಿಸೋದು, ರಸ್ತೇಲಿ ಕಾಣೋ ಕಪ್ಪು ರಿಮ್ಮುಗಳಲ್ಲಿ ಇಂಥ ಮಾಜಿ ಡೈಮಂಡ್ ಕಟ್ಟುಗಳೂ ಇರ್ತವೆ.

ಗನ್‌ಮೆಟಲ್, ಅಂಥ್ರಸೈಟ್, ಡಾರ್ಕ್ ಗ್ರೇ, ಏನಾದ್ರೂ ಕರೀರಿ, ನಾನು ಕೊನೆಗೆ ಬಂದು ನಿಂತಿದ್ದು ಇಲ್ಲೇ. ಬ್ರೇಕ್ ಪುಡಿ ಇರೋದು ಹೆಚ್ಚುಕಮ್ಮಿ ಇದೇ ಬಣ್ಣ, ಹಂಗಾಗಿ ಎರಡು ವಾರ ತೊಳೀದಿದ್ರೂ ಯಾರಿಗೂ ಗೊತ್ತಾಗಲ್ಲ. ಟಯರಿಗಿಂತ ಒಂದು ಶೇಡ್ ತಿಳಿ ಇರೋದ್ರಿಂದ ರಿಮ್ ಅಂಚು ಕಾಣುತ್ತೆ, ಮೆಟಾಲಿಕ್ ಫ್ಲೇಕ್ ಇದ್ರೆ ಸ್ಪೋಕಿನ ಶೇಪೂ ಕಾಣುತ್ತೆ, ಸಂಜೆ ಬೆಳಕಲ್ಲಿ ದೂರದಿಂದ ಕಪ್ಪೇ ಅನ್ನಿಸುತ್ತೆ. ಭಾವನ ಪ್ರಶ್ನೆಗೆ ಉತ್ತರ ಕೊಡೋ ಕಪ್ಪು ಅಂದ್ರೆ ಇದೇ ನೋಡಿ.

ಬ್ರಾಂಜ್ ಈಗ ಏರ್ತಾ ಇರೋ ಬಣ್ಣ, ಸರಿಯಾದ ಕಾರಿಗೆ ಬಿದ್ರೆ ಅದ್ಭುತ, ತಪ್ಪಾದ್ರೆ ತುಕ್ಕು ಹಿಡಿದಂಗೆ. ಕ್ರೋಮ್ ಬಗ್ಗೆ ಏನೂ ಹೇಳಲ್ಲ. ಕಪ್ಪು ಸ್ಟೀಲ್ ರಿಮ್ಮನ್ನ ವೀಲ್ ಕ್ಯಾಪ್ ಇಲ್ಲದೆ ಹಂಗೇ ಬಿಡೋದು ಮಾತ್ರ ನನಗೆ ಸಿಕ್ಕಾಪಟ್ಟೆ ಇಷ್ಟ, ಚಿಕ್ಕ ಆಫ್‌ರೋಡ್ ಗಾಡಿಗಳಿಗೆ ಅದರಷ್ಟು ಪ್ರಾಮಾಣಿಕವಾದ ಲುಕ್ ಬೇರೆ ಇಲ್ಲ, ಗುಂಡೀಲಿ ಬಿದ್ದು ಬೆಂಡಾದ್ರೂ ಸ್ಟೀಲನ್ನ ಬಡಿದು ಸರಿ ಮಾಡ್ಬೋದು, ಅಲಾಯ್ ಆದ್ರೆ ಬಿರುಕು ಬಿಡೋ ಭಯ.

ಕಪ್ಪು ಮಾಡಿಸೋದೇ ಅಂತ ಕೂತ್ರೆ

ಪೌಡರ್ ಕೋಟ್, ಲಿಕ್ವಿಡ್ ಪೇಂಟ್, ಕಿತ್ತು ತೆಗೆಯೋ ರಬ್ಬರ್ ಥರದ ಸ್ಪ್ರೇ, ಹೀಗೆ ಮೂರು ದಾರಿ ಇದೆ. ಪೌಡರ್ ಗಟ್ಟಿ, ಒಣ ಪುಡಿಗೆ ಕರೆಂಟ್ ಚಾರ್ಜ್ ಕೊಟ್ಟು ರಿಮ್ಮಿಗೆ ಅಂಟಿಸಿ ಓವನ್ನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಬೇಯಿಸ್ತಾರೆ. ಅಲಾಯ್ ರಿಮ್ಮಿನ ಗಟ್ಟಿತನ ಬಂದಿರೋದೇ ಹೀಟ್ ಟ್ರೀಟ್‌ಮೆಂಟಿಂದ, ಅದಕ್ಕಿಂತ ಜಾಸ್ತಿ ಬಿಸೀಲಿ ಜಾಸ್ತಿ ಹೊತ್ತು ಬಿಟ್ರೆ ಆ ಗಟ್ಟಿತನ ಕಮ್ಮಿ ಆಗೋ ಚಾನ್ಸ್ ಇರುತ್ತೆ, ಆದ್ದರಿಂದ ಎಷ್ಟು ಡಿಗ್ರಿ ಎಷ್ಟು ನಿಮಿಷ ಅಂತ ಬಾಯ್ಬಿಟ್ಟು ಕೇಳಿ, ತಡವರಿಸಿದ್ರೆ ರಿಮ್ ವಾಪಸ್ ತಗೊಂಡು ಬನ್ನಿ. ಟಯರ್ ಪ್ರೆಷರ್ ಸೆನ್ಸರ್ ಇದ್ರೆ ಓವನ್ನಿಗೆ ಹೋಗೋ ಮುಂಚೆ ತೆಗೆಸಲೇಬೇಕು.

ಈಗ ನನಗೆ ಆಗಿದ್ದು ಕೇಳಿ. ನಾನು ಕೊಟ್ಟ ಅಂಗಡಿಯವನು ಕೋಟಿಂಗ್ ಸೂಪರಾಗೇ ಮಾಡಿದ್ದ, ಎಷ್ಟು ಸೂಪರ್ ಅಂದ್ರೆ ನಟ್ ಕೂರೋ ತೂತಿನ ಒಳಗೂ, ರಿಮ್ ಹಬ್ಬಿಗೆ (ಕಾರಲ್ಲಿ ವೀಲ್ ಕೂರೋ ಭಾಗ) ಅಂಟೋ ಹಿಂಭಾಗಕ್ಕೂ ದಪ್ಪಗೆ ಪೌಡರ್ ಹೊಡೆದಿದ್ದ. ನೋಡೋಕೆ ನೀಟಾಗಿತ್ತು, ನಾನೂ ಖುಷಿಪಟ್ಟೆ. ಎರಡು ವಾರಕ್ಕೆ ನಿಧಾನಕ್ಕೆ ತಿರುಗಿಸುವಾಗ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು, ಜ್ಯಾಕ್ ಹಾಕೋಕೆ ಅಂತ ಇಳಿದು ವೀಲ್ ಸ್ಪ್ಯಾನರ್ ಇಟ್ರೆ ನಟ್ಟು ಕೈಯಲ್ಲೇ ಅರ್ಧ ಸುತ್ತು ತಿರುಗ್ತು, ಎದೆ ಧಸಕ್ ಅಂತು. ಆಗಿದ್ದೇನು ಅಂದ್ರೆ ನಟ್ಟಿನ ಕೆಳಗಿರೋ ಆ ಕೋಟಿಂಗ್ ಒತ್ತಡಕ್ಕೆ ನಿಧಾನವಾಗಿ ಅಮುಕಿ ಹೋಗುತ್ತೆ, ಅಷ್ಟರ ಮಟ್ಟಿಗೆ ಬಿಗಿ ಸಡಿಲ ಆಗುತ್ತೆ. ಆ ಎರಡು ಜಾಗದಲ್ಲಿ ಬರೀ ಲೋಹ ಇರ್ಬೇಕು, ಕೋಟಿಂಗಿಗೆ ಮುಂಚೆ ಮಾಸ್ಕ್ ಮಾಡೋಕೆ ಹೇಳಿ, ಕಾರಿನ ಮ್ಯಾನ್ಯುಯಲ್ಲಲ್ಲಿ ಇರೋ ಟಾರ್ಕಿಗೆ (ನಟ್ ಎಷ್ಟು ಬಿಗಿ ಇರ್ಬೇಕು ಅನ್ನೋ ಅಳತೆ) ಟಾರ್ಕ್ ರೆಂಚಲ್ಲೇ ಬಿಗಿಸಿ, 80–100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದ್ಸಲ ಚೆಕ್ ಮಾಡಿಸಿ. ಇಡೀ ಬರಹದಲ್ಲಿ ಸ್ಟೈಲ್ ಬಗ್ಗೆ ನಾನು ಹೇಳಿದ್ದೆಲ್ಲ ಮರೆತ್ರೂ ಪರವಾಗಿಲ್ಲ, ಇದೊಂದು ನೆನಪಿಟ್ಕೊಳ್ಳಿ.

ಹೊಸ ರಿಮ್ಮೇ ತಗೊಳ್ಳೋದಾದ್ರೆ ಬಣ್ಣಕ್ಕಿಂತ ಮೊದಲು ಪಿಸಿಡಿ (ನಟ್ ತೂತುಗಳು ಕೂರೋ ವೃತ್ತದ ವ್ಯಾಸ), ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಹೊರಗೆ ಕೂರುತ್ತೆ ಅನ್ನೋದು), ಸೆಂಟರ್ ಬೋರ್ (ನಡುವಿನ ತೂತು), ಲೋಡ್ ರೇಟಿಂಗ್ (ಎಷ್ಟು ಭಾರ ಹೊರುತ್ತೆ ಅನ್ನೋದು) ನಾಲ್ಕೂ ನೋಡಿ, ಜೆಡಬ್ಲ್ಯುಎಲ್ (ಅಲಾಯ್ ರಿಮ್ಮಿಗಿರೋ ಜಪಾನಿನ ಸುರಕ್ಷತಾ ಗುರುತು) ಥರದ ಸ್ಟ್ಯಾಂಡರ್ಡ್ ಮಾರ್ಕು ರಿಮ್ ಮೇಲೆ ಎರಕ ಹೊಯ್ದಿರುತ್ತೆ, ಅದನ್ನ ನೋಡಿ. ಅಪ್‌ಸೈಜ್ ಮಾಡಿದ್ರೆ ಹೊರಗಿನ ಒಟ್ಟು ಎತ್ತರ ಬದಲಾಗ್ಬಾರ್ದು, ಉದಾಹರಣೆಗೆ 205/55 ಆರ್16 (ಅಗಲ 205 ಮಿಲಿಮೀಟರ್, ಟಯರ್ ಗೋಡೆಯ ಎತ್ತರ ಅದರ ಶೇಕಡಾ 55, ರಿಮ್ 16 ಇಂಚು) ಇದ್ದ ಕಡೆ 225/45 ಆರ್17 ಹಾಕಿದ್ರೆ ಒಟ್ಟು ವ್ಯಾಸ 632ರಿಂದ 634 ಮಿಲಿಮೀಟರ್‌ಗೆ ಹೋಗುತ್ತೆ ಅಷ್ಟೇ, ಸ್ಪೀಡೋಮೀಟರಿಗೆ ಗೊತ್ತೇ ಆಗಲ್ಲ. ಮತ್ತೆ ಕಪ್ಪು ರಿಮ್ ಹೀಟಾಗಿ ಬ್ರೇಕ್ ಹಾಳಾಗುತ್ತೆ ಅಂತ ಹೆದರಿಸೋರು ಇರ್ತಾರೆ, ತಲೆ ಕೆಡಿಸ್ಕೋಬೇಡಿ, ಬ್ರೇಕ್ ತಣ್ಣಗಾಗೋದು ಮುಖ್ಯವಾಗಿ ಓಡೋ ಗಾಳಿಯಿಂದ, ರಿಮ್ ಯಾವ ಬಣ್ಣದ್ದಾದ್ರೂ ಅಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಇಲ್ಲ. ಒರಿಜಿನಲ್ ರಿಮ್ ಮಾರ್ಬೇಡಿ, ಕಾರು ಮಾರುವಾಗ ತಗೊಳ್ಳೋನಿಗೆ ನಿಮ್ಮ ಟೇಸ್ಟೇ ಇರ್ಬೇಕು ಅಂತೇನಿಲ್ಲ.

ಇನ್ನೂ ಮನಸ್ಸು ಅತ್ತಿತ್ತ ಆಡ್ತಿದ್ರೆ ಒಂದು ಐಡಿಯಾ. ಆ ಕಿತ್ತು ತೆಗೆಯೋ ಸ್ಪ್ರೇ ಇದೆಯಲ್ಲ, ಅದನ್ನ ಕಾರಿನ ಒಂದು ಪಕ್ಕದ ಎರಡು ರಿಮ್ಮಿಗೆ ಮಾತ್ರ ಹೊಡೀರಿ, ಇನ್ನೊಂದು ಪಕ್ಕ ಹಂಗೇ ಇರಲಿ. ಎರಡೂ ಪಕ್ಕ ಒಟ್ಟಿಗೆ ಯಾರಿಗೂ ಕಾಣಲ್ಲ, ಆದ್ದರಿಂದ ನಗೋರೂ ಯಾರೂ ಇರಲ್ಲ. ತೆಳ್ಳಗೆ ಹೊಡೆದ್ರೆ ಕೀಳುವಾಗ ಚೂರು ಚೂರಾಗಿ ಬಂದು ಪ್ರಾಣ ತಿನ್ನುತ್ತೆ, ನಾಲ್ಕೈದು ಕೋಟ್ ಹೊಡೆದ್ರೆ ಹಾವಿನ ಪೊರೆ ಥರ ಒಂದೇ ಎಳೆತಕ್ಕೆ ಬರುತ್ತೆ, ಇಲ್ಲೂ ನಟ್ ಕೂರೋ ಜಾಗಕ್ಕೆ ಸ್ಪ್ರೇ ಹೋಗದಂಗೆ ಮುಚ್ಕೊಳ್ಳಿ. ಒಂದು ತಿಂಗಳು ಓಡಿಸಿ, ಬಿಸಿಲು ಮಳೆ ಕೊಳೆ ಎಲ್ಲ ಆಗಲಿ, ಪ್ರತಿ ಸಲ ಪಾರ್ಕ್ ಮಾಡಿ ಇಳಿದು ಹೋಗುವಾಗ ತಿರುಗಿ ನೋಡ್ತೀರಲ್ಲ, ಯಾವ ಪಕ್ಕ ನೋಡಿದಾಗ ಜಾಸ್ತಿ ಹೊತ್ತು ನಿಂತ್ರಿ ಅಂತ ಗಮನಿಸಿ.

ಅಂದ ಹಾಗೆ ಭಾವ ಹೋದ ತಿಂಗಳು ಹೊಸ ಕಾರು ತಗೊಂಡ್ರು, ಕೆಂಪು ಬಣ್ಣ, ಕಂಪನಿಯಿಂದಲೇ ಗ್ಲಾಸ್ ಬ್ಲ್ಯಾಕ್ ರಿಮ್. ನಾನು ಸೊಂಟದ ಮೇಲೆ ಕೈಯಿಟ್ಕೊಂಡು ಒಂದು ನಿಮಿಷ ನೋಡಿದೆ, ಏನೂ ಅನ್ನಲಿಲ್ಲ, ಹಾಳಾದ್ದು ಚೆನ್ನಾಗೇ ಇತ್ತು. ಮೊನ್ನೆ ಫೋನ್ ಮಾಡಿ ಮುಂದಿನ ವೀಲ್ ಮೇಲೆ ಏನೋ ಕಂದು ಕಂದು ಕೂತಿದೆ, ಸೋಪು ಹಾಕಿದ್ರೂ ಹೋಗ್ತಿಲ್ಲ ಅಂದ್ರು. ಅರ್ಧ ಉಳಿದಿದ್ದ ಐರನ್ ರಿಮೂವರ್ ಬಾಟ್ಲಿ ಕೊಟ್ಟು ಕಳಿಸಿದೀನಿ, ನೇರಳೆ ಬಣ್ಣ ಬರುತ್ತೆ ಅಂತ ಮಾತ್ರ ಹೇಳಿಲ್ಲ.